ಒಂದು ಲಾರಿ, ಇಬ್ಬರು ಡ್ರೈವರ್: ಕೀ ಕೈ ಬದಲಾಗುವ ಹೊತ್ತು

ನಾನು ಮೈಸೂರಿನ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಲಾರಿ ಡ್ರೈವರ್. ಊರು ಪಾಂಡವಪುರದ ಕಡೆ. ನಂಜನಗೂಡು, ಕಡಕೊಳ, ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳ ಮಾಲನ್ನು ಬೆಂಗಳೂರು, ಹಾಸನ, ಮಂಗಳೂರು, ಕಲ್ಲಿಕೋಟೆಗೆ ಸಾಗಿಸುವುದು ನಮ್ಮ ಕೆಲಸ. ಒಂದು ಗಾಡಿಗೆ ಒಬ್ಬನೇ ಡ್ರೈವರ್ ಅನ್ನುವುದು ನಮ್ಮಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಅದನ್ನು ತೆಗೆದು ಒಂದು ಗಾಡಿಗೆ ಇಬ್ಬರು ಅಂತ ಮಾಡಿದರು. ಒಬ್ಬ ಇಳಿದ ಕೂಡಲೇ ಇನ್ನೊಬ್ಬ ಹತ್ತಬೇಕು. ಅದು ಹೇಗೆ ಶುರುವಾಯಿತು, ಎಲ್ಲಿ ಕೆಟ್ಟಿತು, ನಾವು ಏನು ಕೇಳಿ ಪಡೆದೆವು, ಯಾವುದು ಇನ್ನೂ ಬಾಕಿ ಇದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಬೇರೆ ಯಾರ್ಡುಗಳಲ್ಲೂ ಈ ಮಾತು ಶುರುವಾಗಿದೆ. ಹೊಸದಾಗಿ ಸೇರುವ ಹುಡುಗರಿಗೆ ಗೊತ್ತಿರಬೇಕು.

ಮೊದಲು ಕಂಪನಿಯ ಲೆಕ್ಕ ಹೇಳುತ್ತೇನೆ. ಲಾರಿ ಯಾರ್ಡಿನಲ್ಲಿ ನಿಂತಿದ್ದರೂ ಬ್ಯಾಂಕಿನ ಕಂತು ಕಟ್ಟಬೇಕು. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಯಾವುದೂ ನಿಲ್ಲುವುದಿಲ್ಲ. ಡ್ರೈವರ್ ಮಲಗಿದಾಗ ಗಾಡಿಯೂ ನಿಂತರೆ ಅಷ್ಟು ಹೊತ್ತಿನ ದುಡ್ಡು ಹೋಯಿತು. ಅದೂ ಅಲ್ಲದೆ, 2023ರ ಮಾರ್ಚ್‌ನಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಆ 119 ಕಿಲೋಮೀಟರ್ ದಾರಿ ಬಹಳ ಸಲೀಸಾಯಿತು. ರಾತ್ರಿ ಬೆಂಗಳೂರಿಗೆ ಹೋಗಿ ಮಾಲು ಇಳಿಸಿ ಬೆಳಿಗ್ಗೆ ಯಾರ್ಡಿಗೆ ಬಂದುಬಿಡಬಹುದು. ಹಗಲು ಅದೇ ಗಾಡಿ ಹಾಸನಕ್ಕೆ ಹೋಗಿ ಬರಬಹುದು. ಮ್ಯಾನೇಜರ್ ಇದನ್ನೆಲ್ಲ ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು. ಲೆಕ್ಕದಲ್ಲಿ ತಪ್ಪಿಲ್ಲ. ನಾನು ಅದನ್ನು ಆಗಲೂ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಆದರೆ ಆ ಲೆಕ್ಕದಲ್ಲಿ ಗಾಡಿ ಇತ್ತು, ಡೀಸೆಲ್ ಇತ್ತು, ಕಿಲೋಮೀಟರ್ ಇತ್ತು. ಒಬ್ಬ ಇಳಿದು ಇನ್ನೊಬ್ಬ ಹತ್ತುವ ನಡುವಿನ ಹೊತ್ತು ಮಾತ್ರ ಇರಲಿಲ್ಲ. ಎಲ್ಲ ತೊಂದರೆ ಹುಟ್ಟಿದ್ದು ಅಲ್ಲೇ.

ನನ್ನ ಜೊತೆಗೆ ಹಾಕಿದ್ದು ನಾಗಮಂಗಲದ ಕಡೆಯ ಹುಡುಗನನ್ನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಗಾಡಿ ಮೇಲೆ ನಿಗಾ ಇಟ್ಟು ಓಡಿಸುತ್ತಾನೆ. ನನ್ನನ್ನು ಅಣ್ಣಾ ಅನ್ನುತ್ತಾನೆ.

ಲಾರಿ ಓಡಿಸದವರಿಗೆ ಕ್ಯಾಬಿನ್ ಅಂದರೆ ಸ್ಟೇರಿಂಗ್ ಇರುವ ಜಾಗ ಅಷ್ಟೇ. ನಾವು ಬಾಳುವುದೇ ಅಲ್ಲಿ. ಸೀಟಿನ ಹಿಂದೆ ಹಾಸಿಗೆ, ದಿಂಬು, ಎರಡು ಜೊತೆ ಬಟ್ಟೆ, ಸ್ಟೌವ್, ಅಕ್ಕಿ, ಮನೆಯಿಂದ ಕಟ್ಟಿಸಿಕೊಂಡು ಬಂದ ಖಾರದಪುಡಿ, ನೀರಿನ ಕ್ಯಾನು, ಡ್ಯಾಶ್‌ಬೋರ್ಡ್ ಮೇಲೆ ಚಾಮುಂಡಿ ತಾಯಿ ಫೋಟೋ. ಇವೆಲ್ಲ ಇದ್ದರೆ ದಾರಿಯಲ್ಲಿ ಎಲ್ಲಿ ನಿಂತರೂ ಭಯ ಇಲ್ಲ. ಗಾಡಿ ಇಬ್ಬರದಾದ ದಿನ ಇದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಇಳಿಸಬೇಕಾಯಿತು. ಯಾರ್ಡಿನಲ್ಲಿ ಆ ಚೀಲ ಇಡಲು ಜಾಗ ಇರಲಿಲ್ಲ. ಸ್ಟೌವ್ ಹೋಯಿತು ಅಂದರೆ ಹೋಟೆಲ್ ಊಟ. ಹೋಟೆಲ್ ಊಟ ಅಂದರೆ ಬತ್ತದ ದುಡ್ಡು, ಅಂದರೆ ದಿನದ ಖರ್ಚಿಗೆ ಅಂತ ಕಂಪನಿ ಕೊಡುವ ಭತ್ಯೆ, ಅಲ್ಲೇ ಖರ್ಚು. ಮನೆಗೆ ಕೊಡುವುದು ಆಗಲೇ ಕಡಿಮೆಯಾಯಿತು.

ಇದಕ್ಕಿಂತ ಕಷ್ಟ ಆಗಿದ್ದು ನಿದ್ದೆಗೆ. ಗಾಡಿಗೆ ನಾನೊಬ್ಬನೇ ಇದ್ದಾಗ ಯಾರ್ಡಿಗೆ ಬಂದು ಅಲ್ಲೇ ಕ್ಯಾಬಿನ್ನಿನಲ್ಲಿ ಮಲಗುತ್ತಿದ್ದೆ. ಈಗ ಬಂದ ಗಾಡಿಯನ್ನು ಇನ್ನೊಬ್ಬ ತೆಗೆದುಕೊಂಡು ಹೋಗುತ್ತಾನೆ. ಊರಿನ ಕಡೆ ಕೊನೇ ಬಸ್ಸು ಹೋಗಿಯಾಗಿರುತ್ತದೆ. ಆಫೀಸಿನ ಜಗುಲಿಯ ಮೇಲೆ ಹಳೇ ಟಾರ್ಪಾಲ್ ಹಾಸಿಕೊಂಡು ಮಲಗಿದ ರಾತ್ರಿಗಳು ಬಹಳ. ಸೊಳ್ಳೆ ಕಾಟ ಒಂದು ಕಡೆ. ಒಳಬರುವ ಗಾಡಿಗಳ ಹೆಡ್‌ಲೈಟು, ಹಾರ್ನು ಇನ್ನೊಂದು ಕಡೆ. ಬೆಳಿಗ್ಗೆ ಏಳುವ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಅದೇ ಕಣ್ಣಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯಬೇಕು. ರಸ್ತೆಯಲ್ಲಿ ನಮ್ಮ ಮುಂದೆ ಬೈಕಿನಲ್ಲಿ ಹೋಗುವ ಗಂಡ ಹೆಂಡತಿ ಮಗುವಿಗೆ, ಹಿಂದಿನ ಲಾರಿಯ ಡ್ರೈವರ್ ರಾತ್ರಿ ಎಲ್ಲಿ ಮಲಗಿದ್ದ ಅಂತ ಗೊತ್ತಿರುವುದಿಲ್ಲ ಅಲ್ವಾ? ಆದರೆ ಅವರ ಜೀವ ಇರುವುದು ಅದರ ಮೇಲೆ.

ಕೀ ಒಪ್ಪಿಸುವ ಕ್ರಮ ಅಂತ ಏನೂ ಇರಲಿಲ್ಲ. ಬಂದವನು ಕೀಯನ್ನು ಆಫೀಸಿನ ಗೂಟಕ್ಕೆ ಹಾಕಿ ಹೋಗುತ್ತಿದ್ದ. ಹೋಗುವವನು ಗೂಟದಿಂದ ತೆಗೆದುಕೊಳ್ಳುತ್ತಿದ್ದ. ಹೇಳಬೇಕಾದ್ದು ಏನಾದರೂ ಇದ್ದರೆ ವಾಚ್‌ಮನ್‌ಗೆ ಹೇಳುವುದು, ಇಲ್ಲವೇ ಫೋನು. ಒಬ್ಬ ಎದ್ದಿರುವಾಗ ಇನ್ನೊಬ್ಬ ಮಲಗಿರುತ್ತಾನೆ. ಹಾಗಾಗಿ ಫೋನು ಎತ್ತುವವರೇ ಇರುತ್ತಿರಲಿಲ್ಲ.

ಒಂದು ಸಲ ನಾನು ಕಲ್ಲಿಕೋಟೆಗೆ ಹೊರಡಬೇಕಿತ್ತು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡೊಳಗೆ ಹೋಗುವ ದಾರಿ. ರಾಷ್ಟ್ರೀಯ ಹೆದ್ದಾರಿ 766. ಪ್ರಾಣಿಗಳ ಜೀವ ಉಳಿಸಲು 2009ರಿಂದ ಅಲ್ಲಿ ರಾತ್ರಿ ಸಂಚಾರ ಬಂದ್. ರಾತ್ರಿ 9ಕ್ಕೆ ಗೇಟು ಹಾಕಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ಗೇಟಿರುವುದು ಮದ್ದೂರಿನಲ್ಲಿ. ಗುಂಡ್ಲುಪೇಟೆ ಹತ್ತಿರದ ಮದ್ದೂರು, ನಮ್ಮ ಮಂಡ್ಯದ ಮದ್ದೂರಲ್ಲ. ಅಷ್ಟರೊಳಗೆ ದಾಟಲೇಬೇಕು ಅಂತ ಹೊತ್ತಿರುವಾಗಲೇ ಹೊರಟೆ. ಬೇಗೂರಿನ ಹತ್ತಿರ ಹಿಂದಿನ ಟೈರು ಪಂಕ್ಚರ್ ಆಯಿತು. ಇಳಿದು ಸ್ಟೆಪ್ನಿ ಬಿಚ್ಚಿದರೆ ಅದರಲ್ಲಿ ಗಾಳಿಯೇ ಇಲ್ಲ. ಹಿಂದಿನ ದಿನ ನನ್ನ ಜೊತೆಗಾರನಿಗೆ ಹಾಸನದ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಒಳ್ಳೇ ಸ್ಟೆಪ್ನಿ ಹಾಕಿಕೊಂಡು ಪಂಕ್ಚರ್ ಆದ ಟೈರನ್ನು ಅದರ ಜಾಗದಲ್ಲಿ ಕಟ್ಟಿಕೊಂಡು ಬಂದಿದ್ದ. ರಿಪೇರಿ ಮಾಡಿಸಬೇಕು ಅಂತ ವಾಚ್‌ಮನ್‌ಗೆ ಹೇಳಿದ್ದನಂತೆ. ಅಷ್ಟರಲ್ಲಿ ವಾಚ್‌ಮನ್ ಡ್ಯೂಟಿ ಬದಲಾಗಿತ್ತು. ಚಾಸಿಗೆ ಸೇರಿಸಿ ಕಟ್ಟಿದ ಸ್ಟೆಪ್ನಿ ನೋಡುವುದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಬಿಚ್ಚಿದಾಗಲೇ ಗೊತ್ತಾಗುವುದು.

ಪಂಕ್ಚರ್ ಅಂಗಡಿಯವನನ್ನು ಕರೆಸಿ ಎರಡನ್ನೂ ಸರಿ ಮಾಡಿಸಿ ಹೊರಡುವಷ್ಟರಲ್ಲಿ ಹೊತ್ತು ಮೀರಿತ್ತು. ಗೇಟು ಹಾಕಿಬಿಟ್ಟಿದ್ದರು. ರಾತ್ರಿಯೆಲ್ಲ ಗುಂಡ್ಲುಪೇಟೆಯ ಹೊರಗೆ ಸಾಲಾಗಿ ನಿಂತ ಲಾರಿಗಳ ನಡುವೆ ಇದ್ದೆ. ಹಾಸಿಗೆ ಇರಲಿಲ್ಲ. ಸೀಟಿನ ಮೇಲೆಯೇ ಒರಗಿಕೊಂಡಿದ್ದೆ. ಮಾಲು ತಡವಾಗಿ ತಲುಪಿತು. ಪಾರ್ಟಿಯವರು, ಅಂದರೆ ಮಾಲಿನ ಗಿರಾಕಿಗಳು, ಬಾಡಿಗೆಯಲ್ಲಿ ದುಡ್ಡು ಹಿಡಿದರು. ಕಂಪನಿ ಅದನ್ನು ನನ್ನ ಬತ್ತದಲ್ಲಿ ಮುರಿದುಕೊಂಡಿತು. ನನ್ನ ಜೊತೆಗಾರನಿಗೆ ಪಂಕ್ಚರ್ ಖರ್ಚು ಹಾಕಿದರು. ನನಗೂ ಅವನಿಗೂ ಮಾತು ನಿಂತಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗೆ ನಮ್ಮಿಬ್ಬರ ಮುನಿಸಿನಲ್ಲಿ ಗಾಡಿ ಹಾಳಾಗತೊಡಗಿತು. ಗ್ರೀಸ್ ಅವನು ಹಾಕಿಸಲಿ ಅಂತ ನಾನು, ನಾನು ಹಾಕಿಸಲಿ ಅಂತ ಅವನು.

ಅದು ನಮ್ಮ ಗಾಡಿಯೊಂದರ ಕಥೆಯಲ್ಲ. ಯಾರ್ಡಿನ ಎಲ್ಲ ಗಾಡಿಗಳಲ್ಲೂ ಇದೇ ಆಗುತ್ತಿತ್ತು. ಲೆಕ್ಕಕ್ಕಿಂತ ಡೀಸೆಲ್ ಕಡಿಮೆ ಬಂದರೆ ಇಬ್ಬರಿಗೂ ಅರ್ಧರ್ಧ ಕಟ್. ಕನ್ನಡಿ ಒಡೆದರೆ ಅರ್ಧರ್ಧ. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾದಲ್ಲಿ ಸ್ಪೀಡ್ ಚಲನ್ ಬಂದರೆ ಅದೂ ಅರ್ಧರ್ಧ. ಒಳ್ಳೇ ಡ್ರೈವರುಗಳ ಮನಸ್ಸು ಮುರಿಯುವುದು ಹೀಗೇ. ನೆಟ್ಟಗೆ ಓಡಿಸಿದವನಿಗೂ ಸಂಬಳ ಕಟ್ ಆದರೆ ಅವನು ಯಾಕೆ ನೆಟ್ಟಗೆ ಓಡಿಸುತ್ತಾನೆ? ಕೆಲವರು ಕೆಲಸ ಬಿಟ್ಟರು. ಬಿಟ್ಟವರು ಕೆಲಸ ಚೆನ್ನಾಗಿ ಗೊತ್ತಿದ್ದವರು.

ದಾರಿ ಸಿಕ್ಕಿದ್ದು ಟೀ ಅಂಗಡಿಯಲ್ಲಿ. ಅಲ್ಲಿಗೆ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದ ಯಜಮಾನರೊಬ್ಬರು ಬರುತ್ತಾರೆ. ನಮ್ಮ ಗೋಳು ಕೇಳಿಸಿಕೊಂಡು ಹೇಳಿದರು: "ಅಲ್ಲಪ್ಪ, ನಾವು ಸರ್ವೀಸ್ ಪೂರ್ತಿ ಬೇರೆಯವರು ಓಡಿಸಿದ ಬಸ್ಸನ್ನೇ ಓಡಿಸಿದ್ದು. ಇವತ್ತು ಒಂದು ಗಾಡಿ, ನಾಳೆ ಇನ್ನೊಂದು. ಹಂಚಿಕೊಳ್ಳೋದ್ರಿಂದ ಏನೂ ಆಗಲ್ಲ. ಗಾಡೀಲಿ ಏನು ಕೆಟ್ಟಿದೆ ಅಂತ ಡಿಪೋಗೆ ಬಂದ ತಕ್ಷಣ ಬರೆದು ಸೈನ್ ಹಾಕ್ತಿದ್ವಿ. ನಿಮ್ಮಲ್ಲಿ ಬರೆಯೋರು ಯಾರು?" ಯಾರೂ ಇಲ್ಲ ಅಂದೆವು. "ಮತ್ತೆ ಜಗಳ ಆಗದೆ ಇನ್ನೇನಾಗುತ್ತೆ? ನೀವಿಬ್ರೂ ಒಳ್ಳೆಯವರೇ ಇರಬಹುದು ಕಣಯ್ಯ. ಬರೆದಿಲ್ಲ ಅಂದ್ರೆ ಇಬ್ರೂ ಕಳ್ಳರ ಥರ ಕಾಣ್ತೀರಿ" ಅಂದರು.

ಅವರೇ ಇನ್ನೊಂದು ಮಾತು ಹೇಳಿದರು. ಮೋಟಾರು ಕಾರ್ಮಿಕರಿಗೆ ಅಂತಲೇ 1961ರ ಕಾಯ್ದೆ ಒಂದಿದೆ, ಹೋಗಿ ಓದಿ ಅಂತ. ನಮ್ಮಲ್ಲಿ ಒಬ್ಬನ ಭಾವಮೈದ ಮಂಡ್ಯ ಕೋರ್ಟಿನಲ್ಲಿ ವಕೀಲ. ಒಂದು ಭಾನುವಾರ ಅವರ ಮನೆಗೆ ಹೋದೆವು. ಅವರು ಕಾಯ್ದೆಯ ಪ್ರತಿ ತೆಗೆದು ಒಂದೊಂದೇ ಕಲಂ ಕನ್ನಡದಲ್ಲಿ ಹೇಳಿದರು. ಐದು ಜನ ಅಥವಾ ಜಾಸ್ತಿ ಕೆಲಸದವರಿರುವ ಸಾರಿಗೆ ಸಂಸ್ಥೆಗೆಲ್ಲ ಅದು ಅನ್ವಯ ಆಗುತ್ತದೆ. ಬಾಡಿಗೆಗೆ ಓಡಿಸುವವರಿಗೂ ಅನ್ವಯ, ಸ್ವಂತ ಮಾಲು ಸಾಗಿಸುವ ಕಂಪನಿಗೂ ಅನ್ವಯ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ರೂಟಾದರೆ ಅಧಿಕಾರಿಗಳ ಒಪ್ಪಿಗೆ ತೆಗೆದುಕೊಂಡು ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಯವರೆಗೆ ಹೋಗಬಹುದು. 5 ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ಒಂದು ದಿನದ ಡ್ಯೂಟಿ ಮುಗಿದು ಮಾರನೇ ದಿನದ್ದು ಶುರುವಾಗುವ ನಡುವೆ ಒಟ್ಟಿಗೆ 9 ಗಂಟೆ ವಿಶ್ರಾಂತಿ ಸಿಗಬೇಕು. ಓವರ್‌ಟೈಮಿಗೆ ಎರಡರಷ್ಟು ಕೂಲಿ. ರಾತ್ರಿ ತಂಗಬೇಕಾದ ಜಾಗದಲ್ಲಿ ಮಾಲೀಕರು ವಿಶ್ರಾಂತಿ ಕೋಣೆ ಇಲ್ಲವೇ ಅದಕ್ಕೆ ತಕ್ಕ ಬೇರೆ ಏರ್ಪಾಡು ಮಾಡಬೇಕು.

ಇದನ್ನೆಲ್ಲ ಕೇಳುತ್ತ ಕೇಳುತ್ತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆದರೆ ನನಗೆ ತಟ್ಟಿದ್ದು ಅದಕ್ಕಿಂತ ಸಣ್ಣ ಒಂದು ಸಾಲು. ಕೆಲಸದ ಗಂಟೆ ಅಂದರೆ ಯಾವುದು ಅಂತ ಕಾಯ್ದೆಯ ಶುರುವಿನಲ್ಲೇ ಬರೆದಿದ್ದಾರೆ. ಗಾಡಿ ಓಡುವ ಹೊತ್ತು ಒಂದೇ ಅಲ್ಲ. ಗಾಡಿಯನ್ನು ವಹಿಸಿಕೊಳ್ಳುವುದು, ತಂದು ನಿಲ್ಲಿಸುವುದು, ರಿಜಿಸ್ಟರಿಗೆ ಸೈನ್ ಹಾಕುವುದು, ಗಾಡಿಯ ನಿಗಾ ಮತ್ತು ರಿಪೇರಿ, ಲೋಡ್ ಮಾಡುವುದು, ಇಳಿಸುವುದು ಎಲ್ಲವೂ ಕೆಲಸದ ಗಂಟೆಯೇ. ವಕೀಲರಿಗೆ ಆ ಸಾಲನ್ನು ಇನ್ನೊಂದು ಸಲ ಓದಿ ಅಂದೆ. ಓದಿದರು. ನಾವು ಇಷ್ಟು ದಿನ ಗೂಟದ ಮೇಲೆ ಕೀ ಹಾಕಿ ಓಡುತ್ತಿದ್ದದ್ದು ಯಾಕೆ? ಅಲ್ಲಿ ನಿಂತು ಗಾಡಿ ನೋಡಿ ಒಪ್ಪಿಸಿದರೆ ಆ ಹೊತ್ತಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅದಕ್ಕೇ. ಅದನ್ನು ಅರವತ್ತು ವರ್ಷದ ಹಿಂದೆಯೇ ಕೂಲಿಗೆ ಸೇರುವ ಹೊತ್ತು ಅಂತ ಬರೆದಿಟ್ಟಿದ್ದರು.

ನಾವು ಓದಿದ್ದು ಆಗ ಚಾಲ್ತಿಯಲ್ಲಿದ್ದ 1961ರ ಕಾಯ್ದೆ. 2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯದು ಅವುಗಳಲ್ಲಿ ಸೇರಿಕೊಂಡಿತು. ದಿನಕ್ಕೆ 8 ಗಂಟೆ, ಅದಕ್ಕಿಂತ ಜಾಸ್ತಿ ದುಡಿದರೆ ಎರಡರಷ್ಟು ಕೂಲಿ ಅನ್ನುವುದು ಹೊಸದರಲ್ಲೂ ಇದೆ. ಈಗ ಯಾರಾದರೂ ಕೇಳಲು ಹೊರಟರೆ ಹೊಸ ಸಂಹಿತೆಯ ಕಲಂಗಳನ್ನು ವಕೀಲರ ಹತ್ತಿರ ಹೇಳಿಸಿಕೊಂಡು ಹೋಗಿ.

ಆಮೇಲೆ ಅರ್ಜಿ ಬರೆದೆವು. ಜಗಳದ ಅರ್ಜಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಕೇಳಿದ್ದು ಕೆಲವೇ. ಗಾಡಿ ಒಪ್ಪಿಸುವಾಗ ಇಬ್ಬರೂ ಇರಬೇಕು. ಅದಕ್ಕೆ ಇಪ್ಪತ್ತು ನಿಮಿಷ ಬೇಕು, ಇಬ್ಬರಿಗೂ ಅದು ಡ್ಯೂಟಿ ಅಂತ ಲೆಕ್ಕ ಆಗಬೇಕು. ಒಪ್ಪಿಸುವ ಪುಸ್ತಕ ಪ್ರತಿ ಗಾಡಿಯಲ್ಲಿ ಇರಬೇಕು. ಪುಸ್ತಕದಲ್ಲಿ ಇಲ್ಲದ ಡ್ಯಾಮೇಜಿಗೆ ಯಾರ ಸಂಬಳವನ್ನೂ ಮುರಿಯಬಾರದು. ಮಲಗಲು ಕೋಣೆ, ಚೀಲ ಇಡಲು ಬೀಗ ಇರುವ ಕಪಾಟು. ಎಲ್ಲರೂ ಸೈನ್ ಹಾಕಿದೆವು. ಒಬ್ಬಿಬ್ಬರ ಹೆಸರು ಮೇಲೆ ಇರಬಾರದು ಅಂತ ಸೈನನ್ನು ದುಂಡಗೆ ಸುತ್ತಲೂ ಹಾಕಿಸಿದೆವು. ಅದು ವಕೀಲರು ಹೇಳಿಕೊಟ್ಟ ಉಪಾಯ.

ಕಾರ್ಮಿಕ ಇಲಾಖೆಯ ಕಚೇರಿಗೂ ಹೋಗಿ ಕೇಳಿಕೊಂಡು ಬಂದೆವು. ದೂರು ಕೊಡಲಿಲ್ಲ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ ಅಂತ ಅಲ್ಲಿ ಹೇಳಿದರು. ಆ ಸಲಹೆ ಬಹಳ ಉಪಯೋಗಕ್ಕೆ ಬಂತು. ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಸೀಲು ಬಿದ್ದ ಕಾಗದವನ್ನು ಬಂದೇ ಇಲ್ಲ ಅನ್ನಲಾಗುವುದಿಲ್ಲ.

ಮ್ಯಾನೇಜರ್ ಕರೆದರು. ಅವರಿಗೆ ಸಿಟ್ಟು ಇತ್ತು, ಅದು ಕಾಣುತ್ತಿತ್ತು. "ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಗಾಡಿ ನಿಲ್ಲಿಸಿದ್ರೆ ತಿಂಗಳಿಗೆ ಎಷ್ಟು ಗಂಟೆ ಹೋಯ್ತು ಲೆಕ್ಕ ಹಾಕಿದ್ದೀರಾ?" ಅಂದರು. ನಮ್ಮ ಪೈಕಿ ಹಿರಿಯವರೊಬ್ಬರು, ಕೆ.ಆರ್. ಪೇಟೆಯವರು, ಮೆತ್ತಗೆ ಹೇಳಿದರು: "ಸಾರ್, ಗುಂಡ್ಲುಪೇಟೇಲಿ ಒಂದು ರಾತ್ರಿ ಪೂರ್ತಿ ಗಾಡಿ ನಿಂತಿತ್ತಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಸ್ಟೆಪ್ನಿ ನೋಡೋಕೆ ಎರಡು ನಿಮಿಷ ಸಾಕು." ಮ್ಯಾನೇಜರ್ ಏನೂ ಮಾತಾಡಲಿಲ್ಲ. ಒಂದು ತಿಂಗಳು ಪುಸ್ತಕ ಇಟ್ಟು ನೋಡೋಣ ಅಂದರು. ಕೋಣೆಯ ಮಾತು ಮಾಲೀಕರ ಹತ್ತಿರ ಅಂದರು. ಅಷ್ಟಕ್ಕೆ ಎದ್ದು ಬಂದೆವು.

ಒಪ್ಪಿಸುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದನ್ನು ನಾವೇ ದಿನವೂ ಮಾಡುತ್ತ ಮಾಡುತ್ತ ಕಂಡುಕೊಂಡಿದ್ದು.

ಬಂದ ಗಾಡಿ ಇನ್ನೂ ಬಿಸಿ ಇರುವಾಗಲೇ ನೋಡಬೇಕು. ತಣ್ಣಗಾದ ಗಾಡಿ ಹೇಳದ ವಿಷಯವನ್ನು ಬಿಸಿ ಗಾಡಿ ಹೇಳುತ್ತದೆ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯುತ್ತೇವೆ, ಮುಟ್ಟುವುದಿಲ್ಲ. ಒಂದು ಚಕ್ರ ಉಳಿದವುಗಳಿಗಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ. ವಯನಾಡಿನಿಂದ ಕಲ್ಲಿಕೋಟೆ ಕಡೆ ಇಳಿಯುವ ತಾಮರಶ್ಶೇರಿ ಘಾಟಿನಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಲೋಡ್ ಗಾಡಿಯಲ್ಲಿ ಅದನ್ನು ಇಳಿಯುವವನಿಗೆ ಬ್ರೇಕಿನ ಸ್ಥಿತಿ ಯಾರ್ಡಿನಲ್ಲೇ ಗೊತ್ತಾಗಿರಬೇಕು. ಮೂರನೇ ತಿರುವಿನಲ್ಲಿ ಗೊತ್ತಾದರೆ ಪ್ರಯೋಜನ ಇಲ್ಲ.

ಆಮೇಲೆ ಬ್ರೇಕಿನ ಗಾಳಿ. ಲಾರಿಯ ಬ್ರೇಕು ಹಿಡಿಯುವುದು ಟ್ಯಾಂಕಿನ ಗಾಳಿಯಿಂದ. ಇಂಜಿನ್ ಆನ್ ಇರುವಾಗ ಅದು ಎಷ್ಟು ಬೇಗ ತುಂಬುತ್ತದೆ ನೋಡುವುದು. ಆಫ್ ಮಾಡಿ ಬ್ರೇಕ್ ಒತ್ತಿ ಹಿಡಿದು ಗಾಳಿಯ ಮೀಟರಿನ ಮುಳ್ಳು ಇಳಿಯುತ್ತದಾ ನೋಡುವುದು. ಒಬ್ಬ ಒತ್ತಿ ಹಿಡಿದರೆ ಇನ್ನೊಬ್ಬ ಕೆಳಗೆ ಬಗ್ಗಿ ಸುಯ್ ಅನ್ನುವ ಶಬ್ದ ಬರುತ್ತದಾ ಕೇಳುತ್ತಾನೆ. ಇಬ್ಬರಿದ್ದರೇ ಆಗುವ ಕೆಲಸ ಇದು. ಟೈರು, ನಟ್ಟು, ಸ್ಟೆಪ್ನಿ. ಸ್ಟೆಪ್ನಿಯನ್ನು ರಾಡಿನಿಂದ ಬಡಿದು ನೋಡುತ್ತೇವೆ, ಶಬ್ದದಲ್ಲೇ ಗಾಳಿ ಗೊತ್ತಾಗುತ್ತದೆ. ಲೈಟು, ವೈಪರ್, ಜಾಕಿ, ಟಾರ್ಪಾಲ್, ಹಗ್ಗ. ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಗಾಡಿಯಾದ್ದರಿಂದ ಡೀಸೆಲ್ ಜೊತೆಗೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಟ್ಯಾಂಕೂ ನೋಡಬೇಕು. ಅದು ಮುಗಿದರೆ ಇಂಜಿನ್ ತಾನೇ ಪವರ್ ಇಳಿಸಿಬಿಡುತ್ತದೆ, ಏರು ಹತ್ತುವುದಿಲ್ಲ. ಡ್ಯಾಶ್‌ಬೋರ್ಡಿನ ಫೋಟೋ ತೆಗೆಯುತ್ತೇವೆ. ಕಿಲೋಮೀಟರ್, ಡೀಸೆಲ್ ಮುಳ್ಳು, ಉರಿಯುತ್ತಿರುವ ದೀಪ ಎಲ್ಲ ಒಂದೇ ಫೋಟೋದಲ್ಲಿ ಬರಬೇಕು.

ಕೊನೆಗೆ ಕಾಗದದ ಫೈಲು. ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ, ಹೊಗೆ ಸರ್ಟಿಫಿಕೇಟ್, ಬಿಲ್ಲು, ಇ-ವೇ ಬಿಲ್. ಲೋಡ್ ಆಗಿರುವ ಗಾಡಿಯನ್ನು ವಹಿಸಿಕೊಳ್ಳುವಾಗ ವೇಬ್ರಿಡ್ಜ್ ಚೀಟಿ, ಅಂದರೆ ಗಾಡಿ ತೂಕ ಮಾಡಿಸಿದ ಚೀಟಿ, ಬಹಳ ಮುಖ್ಯ. ಹತ್ತು ಚಕ್ರದ ಗಾಡಿಗೆ ಮಾಲು ಸೇರಿ 28.5 ಟನ್ ಮಿತಿ. ಮೀರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ತುಂಬಿಸಿಕೊಂಡವನು ಒಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ ಆಗಬಾರದು. ಚೀಟಿ ಇಲ್ಲದ ಗಾಡಿಯ ಕೀ ಮುಟ್ಟುವುದಿಲ್ಲ ಅಂತ ನಮ್ಮ ನಮ್ಮಲ್ಲೇ ಮಾತಾಗಿದೆ.

ಎಲ್ಲ ಮುಗಿದ ಮೇಲೆ ಪುಸ್ತಕದಲ್ಲಿ ಹೊತ್ತು ಬರೆದು ಇಬ್ಬರೂ ಸೈನ್ ಹಾಕುತ್ತೇವೆ. ಕೀ ಕೈಯಿಂದ ಕೈಗೆ. ಗೂಟವನ್ನು ಕಿತ್ತು ಹಾಕಿಸಿದೆವು.

ಹೊತ್ತು ಬರೆಯುವುದರ ಬೆಲೆ ಗೊತ್ತಾಗಿದ್ದು ಚಲನ್ ಬಂದಾಗ. ಕ್ಯಾಮೆರಾ ಚಲನ್‌ನಲ್ಲಿ ದಿನ, ಗಂಟೆ, ನಿಮಿಷ ಎಲ್ಲ ಇರುತ್ತದೆ. ಪುಸ್ತಕದ ಪಕ್ಕ ಇಟ್ಟರೆ ಆ ಹೊತ್ತಿನಲ್ಲಿ ಸ್ಟೇರಿಂಗ್ ಯಾರ ಕೈಯಲ್ಲಿತ್ತು ಅಂತ ಸ್ಪಷ್ಟ. ಅರ್ಧರ್ಧ ಕಟ್ ಮಾಡುವುದು ತಾನಾಗಿಯೇ ನಿಂತಿತು. ಡೀಸೆಲ್ ವಿಷಯವೂ ಹಾಗೆಯೇ. ಪ್ರತಿ ಒಪ್ಪಿಸುವಿಕೆಯಲ್ಲೂ ಮುಳ್ಳಿನ ಫೋಟೋ ಇರುವಾಗ ಅನುಮಾನಕ್ಕೆ ಜಾಗ ಇಲ್ಲ. ನನಗೂ ನಾಗಮಂಗಲದ ಹುಡುಗನಿಗೂ ಮಾತು ಮತ್ತೆ ಶುರುವಾಗಿದ್ದು ಈ ಇಪ್ಪತ್ತು ನಿಮಿಷಗಳಲ್ಲೇ. "ಅಣ್ಣಾ, ಬ್ರೇಕು ಎಡಗಡೆಗೆ ಸ್ವಲ್ಪ ಎಳೀತದೆ, ಮಳೇಲಿ ಹುಷಾರು" ಅನ್ನುತ್ತಾನೆ. ಅದನ್ನು ಬರೆದೂ ಇಡುತ್ತಾನೆ. ಅಪಘಾತ ಆದರೆ ಕೇಸು ಬೀಳುವುದು ಆ ಹೊತ್ತಿನಲ್ಲಿ ಓಡಿಸುತ್ತಿದ್ದವನ ಮೇಲೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಹಿಂದಿನ ಪಾಳಿಯಲ್ಲೇ ಬ್ರೇಕ್ ಕೆಟ್ಟಿತ್ತು, ಹೇಳಿದರೂ ರಿಪೇರಿ ಮಾಡಿಸಲಿಲ್ಲ ಅನ್ನುವುದಕ್ಕೆ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಏನಿದೆ?

ಪುಸ್ತಕ ಬಂದ ಮೇಲೆ ಮ್ಯಾನೇಜರೂ ಮೆತ್ತಗಾದರು. ದಾರಿಯಲ್ಲಿ ಗಾಡಿ ನಿಲ್ಲುವುದು ಕಡಿಮೆಯಾಯಿತು ಅಂತ ಅವರೇ ಹೇಳಿದರು. ತಿಂಗಳ ಪ್ರಯೋಗ ಅಂದಿದ್ದು ಕಾಯಂ ಆಯಿತು. ಕೋಣೆಗೆ ಜಾಸ್ತಿ ದಿನ ಹಿಡಿಯಿತು. ಹಳೇ ಗೋಡೌನಿನ ಒಂದು ಭಾಗಕ್ಕೆ ಗೋಡೆ ಎತ್ತಿಸಿ ಮಂಚ, ಫ್ಯಾನು, ಸೊಳ್ಳೆಪರದೆ ಹಾಕಿಸಿದರು. ಬಚ್ಚಲು ಕಟ್ಟಿಸಿದರು. ಕಪಾಟು ಬಂತು. ಒಂದು ಸಣ್ಣ ಅಡುಗೆಮನೆ ಕೇಳಿದ್ದೆವು, ಗ್ಯಾಸ್ ಒಲೆ ಮಾತ್ರ ಕೊಟ್ಟರು. ಅದರಲ್ಲಿ ಮುದ್ದೆ ಬೇಯಿಸಿಕೊಳ್ಳುತ್ತೇವೆ, ಬೇಕಾದಷ್ಟಾಯಿತು. ಕ್ಯಾಬಿನ್ ಗುಡಿಸಿ ಒರೆಸಿ ಒಪ್ಪಿಸಬೇಕು, ಒಳಗೆ ಬೀಡಿ ಗುಟ್ಕಾ ಬೇಡ ಅಂತ ನಾವೇ ಪುಸ್ತಕದಲ್ಲಿ ಸೇರಿಸಿದೆವು. ಸೀಟಿಗೆ ಹಾಕುವ ಬಟ್ಟೆಯನ್ನು ಒಬ್ಬೊಬ್ಬರು ತಮ್ಮದೇ ತರುತ್ತಾರೆ. ತಾಯಿ ಫೋಟೋ ಒಂದೇ, ಅದು ಗಾಡಿಯದು.

ಇಬ್ಬರು ಒಟ್ಟಿಗೆ ಹೋಗುವ ದೂರದ ಟ್ರಿಪ್ಪಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಪುಣೆ, ಮುಂಬೈಗೆ ಹಾಗೆ ಕಳಿಸುತ್ತಾರೆ. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದೆ ಮಲಗುತ್ತಾನೆ, ಹಾಗಾಗಿ ಗಾಡಿ ನಿಲ್ಲಿಸುವುದೇ ಬೇಡ ಅನ್ನುವುದು ಕಂಪನಿಯ ಎಣಿಕೆ. ಓಡುವ ಗಾಡಿಯಲ್ಲಿ ನಿದ್ದೆ ಬರುವುದಿಲ್ಲ. ಹಂಪಿನ ಮೇಲೆ ಎದ್ದು ಬಿದ್ದು ಸುಮ್ನೆ ಕಣ್ಣು ಮುಚ್ಚಿಕೊಂಡಿರುತ್ತೇವೆ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಲೇಬೇಕು ಅಂತ ಹಿಂದೆ ನಿಯಮ ಇತ್ತು, 2018ರಲ್ಲಿ ತೆಗೆದರು. ಅದರಿಂದ ಒಬ್ಬನನ್ನೇ ಅಷ್ಟು ದೂರ ಕಳಿಸುವ ಕಂಪನಿಗಳಿಗೆ ಅನುಕೂಲವಾಯಿತು. ಹಾಗೆ ನೋಡಿದರೆ ಇಬ್ಬರು ಇರುವುದೇ ಒಳ್ಳೆಯದು. ಆದರೆ ಇಬ್ಬರಿದ್ದರೂ ರಾತ್ರಿ ಒಂದಿಷ್ಟು ಹೊತ್ತು ಗಾಡಿ ನಿಲ್ಲಲೇಬೇಕು. ಇದನ್ನು ನಮ್ಮ ಕಂಪನಿ ಅರ್ಧ ಒಪ್ಪಿದೆ. ನಡುರಾತ್ರಿ ಕಳೆದ ಮೇಲೆ ಬಂಕಿನಲ್ಲಿ ನಿಲ್ಲಿಸಿದರೆ ಈಗ ಆಫೀಸಿನಿಂದ ಫೋನು ಬರುವುದಿಲ್ಲ. ಜಿಪಿಎಸ್‌ನಲ್ಲಿ ನಿಂತಿದ್ದು ಕಂಡರೂ ಕೇಳುವುದಿಲ್ಲ.

ಸೆಕೆಯದ್ದು ಹಾಗೇ ಇದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಮಾಡಿದ್ದಾರೆ. ನಮ್ಮವು ಅದಕ್ಕಿಂತ ಮುಂಚಿನ ಗಾಡಿಗಳು. ಏಪ್ರಿಲ್ ತಿಂಗಳಲ್ಲಿ ಹಗಲು ಪಾಳಿ ಮಾಡಿ ಇಳಿದವನ ಅಂಗಿ ಹಿಂಡಿದರೆ ನೀರು ಬರುತ್ತದೆ. ಹಗಲು ರಾತ್ರಿ ಪಾಳಿಯನ್ನು ವಾರಕ್ಕೊಮ್ಮೆ ಬದಲಾಯಿಸಿಕೊಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ದಾರಿ ನಮಗೆ ಸಿಕ್ಕಿಲ್ಲ.

ಉಳಿದಿರುವುದು ಪಾರ್ಟಿ ಗೋಡೌನಿನ ಮುಂದೆ ಕಾಯುವ ಹೊತ್ತು. ಮಾಲು ಇಳಿಸಲು ಹಮಾಲರು ಬರುವವರೆಗೆ ಅರ್ಧ ದಿನ ಕಾಯಬೇಕಾದ ಗೋಡೌನುಗಳಿವೆ. ಅಲ್ಲಿ ನಮಗೆ ಶೌಚಾಲಯದ ಬಾಗಿಲೂ ತೆಗೆಯುವುದಿಲ್ಲ. ಗಾಡಿ ಬಿಟ್ಟು ಹೋಗುವಂತಿಲ್ಲ, ಮಲಗುವಂತಿಲ್ಲ, ಸಾಲು ಮುಂದೆ ಹೋದಂತೆ ಗಾಡಿ ತಳ್ಳುತ್ತಿರಬೇಕು. ಕಂಪನಿ ಇದನ್ನು ವಿಶ್ರಾಂತಿ ಅಂತ ಬರೆದುಕೊಳ್ಳುತ್ತಿದೆ. ಒಬ್ಬನ ಕಾಯುವಿಕೆ ಹೆಚ್ಚಾದರೆ ಯಾರ್ಡಿನಲ್ಲಿ ಇನ್ನೊಬ್ಬನ ಪಾಳಿಯೂ ಕೆಡುತ್ತದೆ, ಅವನ ದಿನದ ಬತ್ತ ಹೋಗುತ್ತದೆ. ಹಾಗಾಗಿ ಗೋಡೌನಿನ ಗೇಟಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಅದೇ ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದೇವೆ. ಗೇಟಿನ ಸೆಕ್ಯೂರಿಟಿ ಹತ್ತಿರ ಸೈನ್ ಹಾಕಿಸಿಕೊಳ್ಳುತ್ತೇವೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹಾಕದಿದ್ದರೆ ಗೇಟಿನ ಫೋಟೋ ತೆಗೆದು ಇಟ್ಟುಕೊಳ್ಳುತ್ತೇವೆ. ಆ ಹಾಳೆಗಳ ಜೊತೆಗೆ ಎರಡನೇ ಅರ್ಜಿ ಕೊಟ್ಟಿದ್ದೇವೆ, ಸೀಲು ಬಿದ್ದಿದೆ. ಆಯುಧಪೂಜೆ ಆದ ಮೇಲೆ ಕೂತು ಮಾತಾಡೋಣ ಅಂತ ಮ್ಯಾನೇಜರ್ ಹೇಳಿದ್ದಾರೆ.